ಇವನು ಕ್ಯಾಮೆರಾ ಯಾಕೆ ಆಫ್ ಮಾಡುವುದಿಲ್ಲ?

ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ ಮದುವೆ, ಗೃಹಪ್ರವೇಶದ ವಿಡಿಯೋ ಮಾಡಿಕೊಂಡಿದ್ದವಳು ನಾನು. ಹಾರರ್ ಸಿನಿಮಾ ಮಾಡುತ್ತೇನೆ ಅಂದಾಗ ಮನೆಯಲ್ಲಿ ಕೇಳಿದ್ದು ಒಂದೇ: ‘ಯಕ್ಷಿಯೋ, ಕುಲೆಯೋ?’ ಫೋನು ನೋಡಿ ನೋಡಿ ಕೆಟ್ಟುಹೋಗುವ ಹುಡುಗ ಅಂದೆ. ಅದರಲ್ಲಿ ಹೆದರುವುದಕ್ಕೆ ಏನುಂಟು ಅಂದರು.

ನನಗೆ ಹೆದರಿಕೆ ಹುಟ್ಟಿದ್ದು 2022ರ ಜನವರಿಯಲ್ಲಿ. ಮುಸ್ಲಿಂ ಹೆಂಗಸರ ಫೋಟೋ ಕದ್ದು ‘ಬುಲ್ಲಿ ಬಾಯಿ’ ಎಂಬ ಆ್ಯಪಿನಲ್ಲಿ ಹರಾಜಿಗಿಟ್ಟ ಪ್ರಕರಣ. ಬಂಧಿತರಲ್ಲಿ ಇಪ್ಪತ್ತೊಂದರ ಆಚೀಚಿನವರೇ ಹೆಚ್ಚು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವನೂ ಒಬ್ಬ.

ಕಳೆದುಹೋದವನ ಫೋನಿನಲ್ಲಿ ಸಿಕ್ಕಿದ ದೃಶ್ಯ ಎಂದು ನಂಬಿಸುವ ಫೌಂಡ್ ಫೂಟೇಜಿಗೆ ಲೈಟು, ಟ್ರಾಲಿ ಯಾವುದೂ ಬೇಡ. ಹಾಗಾಗಿ ದುಡ್ಡಿಲ್ಲದವರೆಲ್ಲ ಅದಕ್ಕೆ ಕೈ ಹಾಕುತ್ತೇವೆ, ಎಲ್ಲರೂ ಒಂದೇ ಗುಂಡಿಗೆ ಬೀಳುತ್ತೇವೆ: ಜೀವಕ್ಕೇ ಬಂದಾಗಲೂ ಇವನು ಶೂಟ್ ಮಾಡುತ್ತಿರುವುದು ಯಾಕೆ? ನನಗೆ ವಿಷಯವೇ ಉತ್ತರ ಕೊಟ್ಟಿತು. ಹೆಂಗಸರನ್ನು ದ್ವೇಷಿಸುವ ಅವನ ಟೆಲಿಗ್ರಾಂ ಗುಂಪು ದಿನವೂ ‘ಪ್ರೂಫ್ ಹಾಕು’ ಅನ್ನುತ್ತದೆ. ಬೈದದ್ದಕ್ಕೆ ಪ್ರೂಫ್, ಬಸ್‌ಸ್ಟ್ಯಾಂಡಿನವರೆಗೆ ಒಬ್ಬ ಹುಡುಗಿಯ ಹಿಂದೆ ಹೋದದ್ದಕ್ಕೆ ಪ್ರೂಫ್. ಆಫ್ ಮಾಡಿದರೆ ಅವನು ‘ಬೀಟಾ’, ಅವರ ಲೆಕ್ಕದಲ್ಲಿ ಗಂಡಸೇ ಅಲ್ಲ. ಆ ಹುಡುಗಿಯ ಮುಖ ಎಲ್ಲೂ ಇಲ್ಲ. ಶಾಲು, ಚೀಲ, ಬೇಗ ಬೇಗ ಹಾಕುವ ಹೆಜ್ಜೆ ಅಷ್ಟೇ.

ಮಾತು ಬರೆಯುವಾಗ ಒದ್ದಾಡಿದೆ. ಮೊದಲ ಡ್ರಾಫ್ಟಿನಲ್ಲಿ ಅವನು ಹೆಂಗಸರನ್ನು ಬೈದದ್ದು ಆಕಾಶವಾಣಿ ವಾರ್ತೆಯ ಕನ್ನಡದಲ್ಲಿ! ಓದಿದವರೆಲ್ಲ ನಕ್ಕರು. ಆಮೇಲೆ ಅವನನ್ನು ಹವ್ಯಕರ ಮನೆಯವನಾಗಿ ಮಾಡಿದೆ. ಅಮ್ಮ ಬಾಗಿಲಾಚೆಯಿಂದ ‘ಉಂಬಲೆ ಬಾ’ ಅನ್ನುತ್ತಾಳೆ. ಮೊದಮೊದಲು ‘ಬಂದೆ ಅಬ್ಬೆ’ ಅನ್ನುತ್ತಾನೆ, ನಡುವಿನಲ್ಲಿ ಬರೀ ‘ಹ್ಞೂಂ’, ಕೊನೆಗೆ ಫೋನಿಗೆ ಮುಖ ಕೊಟ್ಟು, ಅವಳಿಗೆ ಕೇಳದ ಹಾಗೆ, ಗುಂಪು ಕಲಿಸಿದ ಇಂಗ್ಲಿಷ್ ಬೈಗುಳ.

ಕ್ಲೈಮ್ಯಾಕ್ಸ್ ನೆಂಟರ ತೋಟದ ಸುರಂಗದಲ್ಲಿ. ಮುರಕಲ್ಲಿನ ಗುಡ್ಡಕ್ಕೆ ನೀರಿಗಾಗಿ ಅಡ್ಡ ಕೊರೆದದ್ದು. ಒಬ್ಬ ಬಗ್ಗಿ ಹೋದರೆ ಪಕ್ಕದಲ್ಲಿ ಇನ್ನೊಬ್ಬನಿಗೆ ಜಾಗವಿಲ್ಲ. ಹಾಗಾಗಿ ನಟನ ಕೈಗೇ ಫೋನು ಕೊಟ್ಟೆ. ಅಗೆಯುವವರ ಕ್ರಮದಂತೆ ಮೊದಲು ದೀಪ ಹಿಡಿದು ಒಳಗೆ ಗಾಳಿ ಉಂಟೋ ನೋಡಿದೆವು. ಮೂರನೇ ಟೇಕಿಗೆ ಬಾವಲಿಗಳು ಎದ್ದವು, ಅವನು ನಿಜಕ್ಕೂ ಕಿರುಚಿದ. ಅದನ್ನು ಬಿಸಾಡಿದೆ, ಬಾವಲಿ ಅಗ್ಗದ ಹೆದರಿಕೆ. ಇಟ್ಟುಕೊಂಡದ್ದು ಅದಕ್ಕೆ ಮುಂಚಿನ 12 ಸೆಕೆಂಡು. ಸುತ್ತ ಸದ್ದಿಲ್ಲದಾಗ ಫೋನು ತಾನಾಗಿಯೇ ಮೈಕನ್ನು ಏರಿಸುತ್ತದೆ. ನೀರು ತೊಟ್ಟಿಕ್ಕುವುದು, ಅವನ ಉಸಿರು, ಎಲ್ಲ ನಮ್ಮ ಕಿವಿಯೊಳಗೇ ಆದಂತೆ ಉಬ್ಬುತ್ತಾ ಬಂತು. ಅಲ್ಲಿಗೆ ಗುಂಪಿನವನೊಬ್ಬನ ವಾಯ್ಸ್ ನೋಟ್ ಬರುವಂತೆ ಕೂಡಿಸಿದೆ. ಸುರಂಗದೊಳಗೆ ರೇಂಜ್ ಇಲ್ಲವೆಂದು ನಮ್ಮೂರಿನ ಎಲ್ಲರಿಗೂ ಗೊತ್ತು. ಇಡೀ ಸಿನಿಮಾದಲ್ಲಿ ಭೂತಚೇಷ್ಟೆ ಅಂತ ಇರುವುದು ಅದೊಂದೇ.

ಮಾಡಲು ಹೊರಟವರಿಗೊಂದು ಮಾತು. ಫೋನ್ ವಿಡಿಯೋದ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ, ಒಂದೇ ಸಮ ಇರುವುದಿಲ್ಲ. ಬೇರೆ ರೆಕಾರ್ಡರಿನ ಧ್ವನಿ ಕೂಡಿಸಿದರೆ ಹೋಗ್ತಾ ಹೋಗ್ತಾ ತುಟಿ ಒಂದು ಕಡೆ, ಮಾತು ಒಂದು ಕಡೆ. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಅದನ್ನು 25ಕ್ಕೆ ಸ್ಥಿರಮಾಡಿಕೊಂಡು ಆಮೇಲೆ ಎಡಿಟಿಗೆ ಕೂರಿ. ಇದು ತಿಳಿಯದೆ ನನಗೆ ಎರಡು ರಾತ್ರಿ ದಂಡವಾಯಿತು. ಒಟ್ಟು ಖರ್ಚು 18,400 ರೂಪಾಯಿ, ಅರ್ಧಕ್ಕರ್ಧ ಊಟಕ್ಕೂ ಜೀಪಿಗೂ.

ಊರಿನ ವಾಚನಾಲಯದಲ್ಲಿ ಮೂವತ್ತು ಮಂದಿಗೆ ತೋರಿಸಿದೆವು. ಹೆದರಿದರು, ಖುಷಿಯಾಯಿತು. ಕುರ್ಚಿ ಮಡಚುವಾಗ ಪ್ಲಸ್ ಟೂ ಹುಡುಗನೊಬ್ಬ ಹತ್ತಿರ ಬಂದ. ‘ಅಕ್ಕಾ, ಆ ವಾಯ್ಸ್ ನೋಟಿನವ ಯಾರು? ಒಳ್ಳೆ ಮಾತಾಡ್ತಾನೆ. ಅವ ಹೇಳಿದ್ದು ಸ್ವಲ್ಪ ಸರಿಯೇ ಅಲ್ವಾ?’

ಆ ಮಾತು ಬರೆದವಳು ನಾನೇ. ನಾಲ್ಕು ಸಲ ತಿದ್ದಿ, ಲಯ ಕೂರಿಸಿ, ಬೆನ್ನು ತಟ್ಟಿಕೊಂಡಿದ್ದೆ. ಆ ರಾತ್ರಿಯೇ ಅದರ 40 ಸೆಕೆಂಡು ಕತ್ತರಿಸಿದೆ. ಈಗ ಉಳಿದಿರುವುದು ಉಸಿರು, ಮತ್ತೆ ‘ಪ್ರೂಫ್ ಹಾಕು’. ಸಿನಿಮಾ 22 ನಿಮಿಷ ಇದ್ದದ್ದು 21 ನಿಮಿಷ 20 ಸೆಕೆಂಡಿಗೆ ಬಂತು.