ಸೈಕಲ್ ಸ್ಟಾರ್ಟ್ ಒತ್ತುವ ಕೆಲಸದಿಂದ ಪ್ರೋಗ್ರಾಂ ಬರೆಯುವ ಕೆಲಸಕ್ಕೆ: ಪೀಣ್ಯದಲ್ಲಿ ನನ್ನ ಅನುಭವ

ಸಿಎನ್‌ಸಿ ಲೇತ್ (ಕಂಪ್ಯೂಟರ್ ಪ್ರೋಗ್ರಾಂನಂತೆ ಲೋಹ ಕಡೆಯುವ ಯಂತ್ರ) ಮುಂದೆ ನಿಂತು ಪೀಸ್ ಎಣಿಸುವವನು ಪ್ರೋಗ್ರಾಂ ಬರೆಯಬಲ್ಲ ಎಂದು ನಾನಿದ್ದ ಘಟಕದಲ್ಲಿ ಯಾರೂ ನಂಬಿರಲಿಲ್ಲ. "ಐಟಿಐ ಮಾಡಿದವನಿಗೆ ಅದೆಲ್ಲ ಯಾಕಪ್ಪಾ? ಸೈಕಲ್ ಸ್ಟಾರ್ಟ್ ಒತ್ತು, ಅಳತೆ ನೋಡು, ಆಫ್‌ಸೆಟ್ ಕೊಡು, ಸಾಕು" ಎಂದು ಯಂತ್ರವನ್ನು ಕೆಲಸಕ್ಕೆ ಅಣಿಗೊಳಿಸುವ ಹಿರಿಯ ಸೆಟ್ಟರ್ ಒಬ್ಬರು ಎಲ್ಲರ ಮುಂದೆಯೇ ಹೇಳಿದ್ದರು. ಆಫ್‌ಸೆಟ್ ಎಂದರೆ ಅಳತೆ ಸರಿಬರಲು ಟೂಲ್ ಸ್ಥಾನಕ್ಕೆ ಕೊಡುವ ತಿದ್ದುಪಡಿ. ಈಗ ಪೀಣ್ಯದಲ್ಲೇ ಇನ್ನೊಂದು ಘಟಕದ ಅಷ್ಟೂ ಲೇತ್‌ಗಳಿಗೆ ನಾನೇ ಪ್ರೋಗ್ರಾಂ ಬರೆಯುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಡಿಪ್ಲೊಮಾಕ್ಕೆ ಸೇರಿದವರ ದಾರಿ ಬೇರೆ. ಮನೆ ನಡೆಸುತ್ತ, ಪಾಳಿಯಲ್ಲಿ ದುಡಿಯುತ್ತಲೇ ಮೇಲೇರಬೇಕಾದ ಆಪರೇಟರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಣ ಹೋದ ಬಗೆ ಹೇಳಿಬಿಡುತ್ತೇನೆ. ಆಗ ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ ಸುಮಾರು 15,000 ರೂಪಾಯಿ. ಚೀಟಿ ಎತ್ತಿ, ಸಾಲದ್ದಕ್ಕೆ ಹೆಂಡತಿಯ ಸರ ಅಡವಿಟ್ಟು ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ 22,000 ಕಟ್ಟಿದೆ. ಭಾನುವಾರಗಳಂದು ತರಗತಿ. ಕಂಪ್ಯೂಟರ್ ಪರದೆಯ ಮೇಲೆ ಟೂಲ್ ಓಡುತ್ತಿತ್ತು, ಬಣ್ಣಬಣ್ಣದ ಗೆರೆ ಬೀಳುತ್ತಿತ್ತು, ಯಂತ್ರ ಮಾತ್ರ ಎಲ್ಲೂ ಇರಲಿಲ್ಲ. ಇಎನ್8 ಉಕ್ಕಿನ ಬಾರ್‌ಗೆ ಎಷ್ಟು ಫೀಡ್ (ಟೂಲ್ ಮುಂದೆ ಸಾಗುವ ವೇಗ) ಕೊಡಬೇಕು ಎಂದು ಕೇಳಿದರೆ "ಸಾಫ್ಟ್‌ವೇರ್‌ನಲ್ಲಿ ಬಂದಿರುವುದನ್ನೇ ಇಡಿ" ಎಂದರು. ಪ್ರಮಾಣಪತ್ರ ಸಿಕ್ಕಿತು. ಅದನ್ನು ಹಿಡಿದು ಹೋದ ಸಂದರ್ಶನಗಳಲ್ಲಿ ಡ್ರಾಯಿಂಗ್ ಮುಂದಿಟ್ಟು "ಕೈಯಲ್ಲಿ ಬರೆಯಿರಿ" ಎಂದಾಗ ಪೆನ್ನು ಓಡಲಿಲ್ಲ. ಸರ ಬಿಡಿಸಿಕೊಳ್ಳಲು ವರ್ಷದ ಹತ್ತಿರ ಹಿಡಿಯಿತು, ಬಡ್ಡಿ ಬೇರೆ.

ಆಮೇಲೆ ಮೊಬೈಲ್ ವಿಡಿಯೊಗಳು. ನಮ್ಮ ಯಂತ್ರದಲ್ಲಿದ್ದುದು ಫ್ಯಾನುಕ್ ಕಂಟ್ರೋಲ್ (ಯಂತ್ರ ನಡೆಸುವ ಕಂಪ್ಯೂಟರ್), ಅರ್ಧ ವಿಡಿಯೊಗಳು ಸೀಮೆನ್ಸ್ ಕಂಟ್ರೋಲ್‌ನವು. ಕೋಡ್ ಪಟ್ಟಿಯನ್ನು ಬಾಯಿಪಾಠ ಮಾಡಿದೆ, ಅದೂ ಉಪಯೋಗಕ್ಕೆ ಬರಲಿಲ್ಲ. ಜಿ-71 ಎಂದರೆ ರಫಿಂಗ್ ಸೈಕಲ್ (ಹೆಚ್ಚುವರಿ ಲೋಹವನ್ನು ಪದರಪದರವಾಗಿ ತೆಗೆಯುವ ಆದೇಶ) ಎಂದು ಗೊತ್ತಿರುವುದು ಬೇರೆ, ಈ ಜಾಬ್‌ಗೆ ಅದರಲ್ಲಿ ಎಷ್ಟು ಕಟ್ ಇಡಬೇಕೆಂದು ತಿಳಿಯುವುದು ಬೇರೆ.

ಕೊನೆಗೆ ಫಲ ಕೊಟ್ಟ ಪದ್ಧತಿಗೆ ತಗುಲಿದ ಖರ್ಚು ಒಂದು ಉದ್ದ ನೋಟ್‌ಬುಕ್ ಮತ್ತು ಎರಡು ಬಣ್ಣದ ಪೆನ್ನು. ಯಂತ್ರಕ್ಕೆ ಹೊಸ ಜಾಬ್ ಬಂದಾಗ ಕಂಟ್ರೋಲ್‌ನಲ್ಲಿರುವ ಪ್ರೋಗ್ರಾಂ ನೋಡುವ ಮೊದಲೇ, ಬರೀ ಡ್ರಾಯಿಂಗ್ ನೋಡಿ, ಎಡಪುಟದಲ್ಲಿ ನನ್ನ ಪ್ರೋಗ್ರಾಂ ಬರೆಯುತ್ತಿದ್ದೆ. ಆಮೇಲೆ ಸೆಟ್ಟರ್ ಹಾಕಿದ್ದನ್ನು ಬಲಪುಟದಲ್ಲಿ ಸಾಲುಸಾಲಾಗಿ ಇಳಿಸಿಕೊಳ್ಳುತ್ತಿದ್ದೆ. ಎಲ್ಲಿ ಬೇರೆಯಾಯಿತೋ ಅಲ್ಲಿ ಕೆಂಪು ಗೆರೆ. ನೋಡಿ ಬರೆದುಕೊಳ್ಳುವುದನ್ನು ಎಲ್ಲರೂ ಮಾಡುತ್ತಾರೆ, ಅದರಿಂದ ಏನೂ ಬರುವುದಿಲ್ಲ. ಮೊದಲು ನಾವೇ ಬರೆದು ಆಮೇಲೆ ನೋಡಬೇಕು. ಇಡೀ ಪದ್ಧತಿ ಇಷ್ಟೇ, ಆದರೆ ಈ ಕ್ರಮ ತಿರುವುಮುರುವಾದರೆ ಕೆಲಸ ಕೆಟ್ಟಿತು.

ಒಂದು ಉದಾಹರಣೆ. 40 ಮಿಲಿಮೀಟರ್ ಬಾರ್‌ನಿಂದ ಮಾಡುವ ಸಣ್ಣ ಶಾಫ್ಟ್, 25 ಮಿಲಿಮೀಟರಿನ, ಬಿಗಿ ಅಳತೆಮಿತಿಯ (h7) ಸೀಟಿಂಗ್, ತುದಿಯಲ್ಲಿ ಎಂ20ಕ್ಕೆ 1.5 ಪಿಚ್ ಥ್ರೆಡ್. ಎಡಪುಟದಲ್ಲಿ ಫೇಸಿಂಗ್‌ಗೂ (ಬಾರ್‌ನ ಮುಖ ಸಮ ಮಾಡುವುದಕ್ಕೂ) ಜಿ-97 ಇತ್ತು, ಅಂದರೆ ಆರ್‌ಪಿಎಂ ಬದಲಾಗದು. ಬಲಪುಟದಲ್ಲಿ ಜಿ-96 (ಕತ್ತರಿಸುವ ವೇಗ ಒಂದೇ ಇರುವಂತೆ ಆರ್‌ಪಿಎಂ ಬದಲಿಸುವ ಕೋಡ್), ಅದಕ್ಕೆ ಮೊದಲು ಜಿ-50 ಹಾಕಿ ಸ್ಪಿಂಡಲ್‌ಗೆ 2,500 ಆರ್‌ಪಿಎಂ ಮಿತಿ. ಟೂಲ್ ನಡುಬಿಂದುವಿಗೆ ಬಂದಂತೆ ಆರ್‌ಪಿಎಂ ಏರುತ್ತ ಹೋಗುತ್ತದೆ, ಮಿತಿ ಇಲ್ಲದಿದ್ದರೆ ಹೊರಚಾಚಿದ ಬಾರ್ ನಡುಗುತ್ತದೆ ಎಂಬುದು ಆ ಒಂದು ಕೆಂಪು ಗೆರೆಯಿಂದ ತಲೆಗೆ ಹೋಯಿತು. ಅದೇ ಜಾಬ್‌ನಲ್ಲಿ ಥ್ರೆಡ್‌ಗೆ ಮಾತ್ರ ಜಿ-97 ಏಕೆ, ಫಿನಿಶಿಂಗ್‌ಗೆ ಜಿ-42 (ಟೂಲ್ ತುದಿಯ ದುಂಡನ್ನು ಲೆಕ್ಕಕ್ಕೆ ಹಿಡಿಯುವ ಕೋಡ್) ಏಕೆ ಎಂಬುದೂ ತಿಳಿಯಿತು. ಥ್ರೆಡ್ ಆಳ ಬದಿಗೆ 0.92 ಎಂದು ಪಿಚ್‌ನಿಂದ ನಾನೇ ಲೆಕ್ಕ ಹಾಕಿದ್ದು ಬಲಪುಟಕ್ಕೆ ಸರಿಯಾಗಿ ಕೂತಿತು. ಆ ರಾತ್ರಿ ಪಾಳಿ ಮುಗಿದದ್ದೇ ಗೊತ್ತಾಗಲಿಲ್ಲ.

ಗೆರೆ ಬಿದ್ದ ಕಡೆಯೆಲ್ಲ ಸೆಟ್ಟರ್ ಅವರನ್ನು ಕೇಳುತ್ತ ಹೋದರೆ ಯಾರಿಗಾದರೂ ಬೇಸರವಾಗುತ್ತದೆ. ಅದಕ್ಕೆ ದಿನಕ್ಕೆ ಒಂದೇ ಪ್ರಶ್ನೆ, ಅದೂ ಚಹಾ ಹೊತ್ತಿನಲ್ಲಿ. ಯಾವ ಪ್ರಶ್ನೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮ್ಯಾನ್ಯುಯಲ್ ನೋಡಿ ಬಿಡಿಸಿಕೊಳ್ಳಬಹುದು ಎಂದು ಯೋಚಿಸುವಾಗಲೇ ಅರ್ಧ ಉತ್ತರ ಸಿಕ್ಕಿಬಿಡುತ್ತಿತ್ತು. ಕೆಲ ತಿಂಗಳ ನಂತರ ಅದೇ ಹಿರಿಯರು ನೋಟ್‌ಬುಕ್ ತಿರುವಿ ನೋಡಿ, ಲಾಟ್ ಮುಗಿದ ಮೇಲೆ ಝಡ್ (ಬಾರ್‌ನ ಉದ್ದದ ದಿಕ್ಕಿನ) ಆಫ್‌ಸೆಟ್ಟನ್ನು 100 ಮಿಲಿಮೀಟರ್ ಹೊರಕ್ಕೆ ಸರಿಸಿ, ಸಿಂಗಲ್ ಬ್ಲಾಕ್‌ನಲ್ಲಿ (ಒಂದೊಂದೇ ಸಾಲಾಗಿ) ನನ್ನ ಪ್ರೋಗ್ರಾಮನ್ನು ಗಾಳಿಯಲ್ಲಿ ಓಡಿಸಲು ಬಿಟ್ಟರು. ಆ ಅನುಮತಿ ನನಗೆ ಪ್ರಮಾಣಪತ್ರಕ್ಕಿಂತ ದೊಡ್ಡದು.

ನಡುವೆ ಕೂಲೆಂಟ್ (ಕತ್ತರಿಸುವಾಗ ಸುರಿಯುವ ಎಣ್ಣೆ-ನೀರಿನ ಮಿಶ್ರಣ) ಕಡೆಗೂ ಹೊರಳಿದೆ. ಇನ್ಸರ್ಟ್ (ಟೂಲ್ ತುದಿಯ ಕತ್ತರಿಸುವ ತುಣುಕು) ಬೇಗ ಸವೆಯುತ್ತಿತ್ತು, ಎಲ್ಲರೂ ಗ್ರೇಡ್ ಸರಿಯಿಲ್ಲ ಎನ್ನುತ್ತಿದ್ದರು. ಸುಮಾರು 1,500 ರೂಪಾಯಿ ಕೊಟ್ಟು ಕೂಲೆಂಟ್‌ನಲ್ಲಿ ಎಣ್ಣೆ ಎಷ್ಟಿದೆ ಎಂದು ತೋರಿಸುವ ಒಂದು ರಿಫ್ರಾಕ್ಟೋಮೀಟರ್ ತಂದೆ. ಟ್ಯಾಂಕ್‌ನಲ್ಲಿ ಎಣ್ಣೆ ಶೇಕಡಾ 3 ಸಹ ಇರಲಿಲ್ಲ, ದಿನವೂ ಬರೀ ನೀರು ಸುರಿಯುತ್ತಿದ್ದರು. 7ರ ಆಸುಪಾಸಿಗೆ ತಂದ ಮೇಲೆ ಒಂದು ಅಂಚಿಗೆ 80 ಪೀಸ್ ಬರುತ್ತಿದ್ದುದು 110ರವರೆಗೆ ಹೋಯಿತು. ನಮ್ಮ ಸಿಎನ್‌ಎಂಜಿ ಮಾದರಿಯ ಇನ್ಸರ್ಟ್‌ಗೆ ನಾಲ್ಕು ಅಂಚು, ಉಳಿತಾಯ ನೀವೇ ಲೆಕ್ಕ ಹಾಕಿ. ಪ್ರೋಗ್ರಾಂಗೂ ಇದಕ್ಕೂ ಸಂಬಂಧವಿಲ್ಲ ಎನಿಸಬಹುದು, ಆದರೆ ಮಾಲೀಕರು ನನ್ನ ಹೆಸರು ನೆನಪಿಟ್ಟುಕೊಂಡದ್ದು ಇದರಿಂದಲೇ.

ಸಂಬಳ ಏರಿಸಿ ಎಂದು ಬಾಯಿಮಾತಿನಲ್ಲಿ ಕೇಳಿದಾಗಲೆಲ್ಲ "ನೋಡೋಣ" ಎಂಬ ಉತ್ತರವೇ ಬರುತ್ತಿತ್ತು. ಮುಂದಿನ ಸಲ ಸೆಕೆಂಡುಗಳನ್ನು ಕಾಗದದ ಮೇಲೆ ಬರೆದುಕೊಂಡು ಹೋದೆ. ಆ ಶಾಫ್ಟ್‌ಗೆ ಸೈಕಲ್ ಟೈಮ್ 165 ಸೆಕೆಂಡ್ ಇತ್ತು. ಪ್ರತಿ ಟೂಲ್ ಬದಲಾವಣೆಗೂ ಟರೆಟ್ (ಟೂಲ್‌ಗಳನ್ನು ಹಿಡಿದ ಭಾಗ) ಹೋಮ್‌ಗೆ ಹೋಗಿ ಬರುತ್ತಿತ್ತು. ಉದ್ದದ ಡ್ರಿಲ್ ಬಿಟ್, ಬಾರ್ ಹಿಡಿಯುವ ಚಕ್‌ಗೆ ತಾಗದಷ್ಟು ಜಾಗ ಬಿಟ್ಟು ಹತ್ತಿರದಲ್ಲೇ ಬದಲಾಯಿಸುವಂತೆ ಮಾಡಿದ್ದರಿಂದ 12 ಸೆಕೆಂಡ್ ಉಳಿಯಿತು. ರಫಿಂಗ್‌ನ ಕಟ್ ಮತ್ತು ಫೀಡ್ ತುಸು ಏರಿಸಿದ್ದರಿಂದ ಮತ್ತೆ 15ರ ಹತ್ತಿರ. ಫಿನಿಶಿಂಗ್ ಮುಟ್ಟಲಿಲ್ಲ. ಅಲ್ಲಿ ಫೀಡ್ ದುಪ್ಪಟ್ಟಾದರೆ ಮೇಲ್ಮೈಯ ಗೆರೆ ನಾಲ್ಕು ಪಟ್ಟು ಆಳವಾಗುತ್ತದೆ, ಗ್ರಾಹಕರು ಮಾಲು ವಾಪಸ್ ಕಳಿಸುತ್ತಾರೆ. ಪಾಳಿಗೆ 130 ಪೀಸ್ ಇದ್ದುದು 150 ದಾಟಿತು. ಆ ಹಾಳೆಗೆ ಯಾರೂ ಎದುರು ಮಾತನಾಡಲಿಲ್ಲ.

ಗ್ರೂವ್ ಅಂಚಿನಲ್ಲಿ ಬರ್ (ಚೂಪು ಲೋಹದ ಏಣು) ನಿಲ್ಲದಂತೆ ಟೂಲ್ ಹೊರಬರುವ ದಾರಿಯೊಂದನ್ನು ನಾನೇ ಕಂಡುಕೊಂಡಿದ್ದೇನೆ, ತೆಳು ಗೋಡೆಯ ಬುಷ್‌ಗೆ ಸಾಫ್ಟ್ ಜಾ (ಚಕ್‌ನ ಮೆದು ಲೋಹದ ಹಿಡಿಕೆ) ಕೊರೆಯುವ ಕ್ರಮವೂ ನನ್ನದೇ ಒಂದಿದೆ. ಅವೆರಡನ್ನೂ ಇಲ್ಲಿ ಬರೆಯುವುದಿಲ್ಲ. ಅಕ್ಕಪಕ್ಕದ ಎರಡು ಸಣ್ಣ ಘಟಕಗಳು ನನ್ನನ್ನು ಕರೆಯುವುದೇ ಅವುಗಳಿಗಾಗಿ.

ಅಲ್ಲೇ ಸಂಬಳ 19,000 ಆಯಿತು. ಸುಮಾರು ಒಂದೂವರೆ ವರ್ಷದ ನಂತರ ಕೆಲಸ ಬದಲಿಸಿದಾಗ 31,000. ಈ ಸಲದ ಸಂದರ್ಶನದಲ್ಲೂ ಡ್ರಾಯಿಂಗ್ ಮುಂದಿಟ್ಟರು. ಅರ್ಧ ಗಂಟೆಯೊಳಗೆ ಬರೆದು, ಅವರ ಹಳೆಯ ಪ್ರೋಗ್ರಾಂನಲ್ಲಿ ಟೂಲ್ ಸುಮ್ಮನೆ ಗಾಳಿ ಕತ್ತರಿಸುತ್ತಿದ್ದ ಮೂರು ಕಡೆಗಳನ್ನೂ ತೋರಿಸಿದೆ. ಭಾನುವಾರ ಹೊರಗಿನ ಕೆಲಸಕ್ಕೆ ಪ್ರೋಗ್ರಾಂ ಒಂದಕ್ಕೆ 500ರಿಂದ 800 ರೂಪಾಯಿ ಪಡೆಯುತ್ತೇನೆ.

ಈಗ ವಿಎಂಸಿ (ನೇರವಾಗಿ ನಿಂತ ಸ್ಪಿಂಡಲ್‌ನ ಮಿಲ್ಲಿಂಗ್ ಯಂತ್ರ) ಕಲಿಯುತ್ತಿದ್ದೇನೆ, ಪದ್ಧತಿ ಅದೇ. ನೀವು ಶುರು ಮಾಡುವುದಾದರೆ ಹತ್ತು ಜಾಬ್‌ಗಳನ್ನು ಹಿಡಿಯಬೇಡಿ. ನಿಮ್ಮ ಯಂತ್ರದಲ್ಲಿ ಮೇಲಿಂದ ಮೇಲೆ ಬರುವ ಒಂದೇ ಜಾಬ್ ಆರಿಸಿ, ಅದರ ಡ್ರಾಯಿಂಗ್ ಕೇಳಿ ಪಡೆಯಿರಿ, ಎಡಪುಟದ ಕೊನೆಯ ಸಾಲು ಬರೆದು ಮುಗಿಸುವವರೆಗೆ ಪ್ರೋಗ್ರಾಂ ಪುಟ ತೆರೆಯಬೇಡಿ.