ಮನೆಯ ವರ್ಕ್‌ಶಾಪ್: ಗುಡಿಸುವುದಕ್ಕೂ ಒಂದು ಕ್ರಮವಿದೆ

ಮನೆಯಲ್ಲೇ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ), ಡ್ರಿಲ್ಲಿಂಗ್ ಮೆಷಿನ್, ಗ್ರೈಂಡರ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ತಪ್ಪು ತೋರಿಸುವ ಮೇಲ್ವಿಚಾರಕರೂ ಇರುವುದಿಲ್ಲ, ಕೆಲಸ ಮುಗಿದ ಮೇಲೆ ಕಸ ತೆಗೆಯಲು ಬರುವವರೂ ಇರುವುದಿಲ್ಲ. ಆದ್ದರಿಂದ ಶುಚಿಗೊಳಿಸಲು ಬೇಕಾದ ಸಮಯವನ್ನು ಕೆಲಸದ ವೇಳೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು.

ಮೊದಲು ಯಂತ್ರದ ಸ್ವಿಚ್ ಆಫ್ ಮಾಡಿ, ಚಕ್ (ವಸ್ತುವನ್ನೋ ಡ್ರಿಲ್ಲನ್ನೋ ಬಿಗಿಹಿಡಿದು ತಿರುಗುವ ಭಾಗ) ತಿರುಗುವುದು ಪೂರ್ತಿ ನಿಂತ ಮೇಲೆ ಪ್ಲಗ್ಗನ್ನೂ ತೆಗೆಯಬೇಕು. ಒರೆಸುವಾಗ ಮೊಣಕೈ ತಗುಲಿ ಸ್ವಿಚ್ ಒತ್ತಿಹೋಗುವ ಸಾಧ್ಯತೆ ಇದ್ದೇ ಇರುತ್ತದೆ. ಚಕ್ಕನ್ನು ಬಿಗಿಮಾಡುವ ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಯಂತ್ರ ಚಾಲೂ ಮಾಡಿದರೆ ಅದು ಸಿಡಿದು ಬಂದು ಬಡಿಯುತ್ತದೆ. ಆ ಕೀ ಹೊರಗೆ ಬರುವ ತನಕ ಅದರಿಂದ ಕೈ ತೆಗೆಯದಿರುವುದೇ ಉತ್ತಮ ಅಭ್ಯಾಸ.

ಅನಂತರ ಲೋಹದ ಚೂರುಗಳು. ಉಕ್ಕನ್ನು ಕಡೆಯುವಾಗ ಬರುವ ಉದ್ದನೆಯ ಸುರುಳಿಗಳ ಅಂಚು ಬ್ಲೇಡಿನಷ್ಟು ಹರಿತವಾಗಿರುವುದಲ್ಲದೆ ಮುಟ್ಟಲಾಗದಷ್ಟು ಬಿಸಿಯಾಗಿಯೂ ಇರುವುದರಿಂದ, ಅವನ್ನು ಬರಿಗೈಯಿಂದ ಎಳೆಯದೆ ಕೊಕ್ಕೆಯಿಂದ ಬಿಡಿಸಿ ಬ್ರಷ್‌ನಿಂದ ಗುಡಿಸಬೇಕು. ನಿಂತ ಯಂತ್ರದ ಬಳಿ ದಪ್ಪ ಕೈಗವಸು ಧರಿಸಬಹುದು. ತಿರುಗುವ ಯಂತ್ರದ ಬಳಿ ಅದು ಕೂಡದು, ಏಕೆಂದರೆ ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡರೂ ಯಂತ್ರವು ಕೈಯನ್ನೇ ಒಳಕ್ಕೆ ಸುತ್ತಿಕೊಳ್ಳುತ್ತದೆ. ಉಂಗುರ, ಸಡಿಲವಾದ ತೋಳು, ಇಳಿಬಿಟ್ಟ ಕೂದಲಿಗೂ ಇದೇ ನಿಯಮ. ಕಂಪ್ರೆಸರ್ ಗಾಳಿ ಊದಿ ಶುಚಿಗೊಳಿಸುವುದು ಹಲವರಿಗೆ ಪ್ರಿಯವಾದರೂ ನಾನು ಅದನ್ನು ಒಪ್ಪುವುದಿಲ್ಲ. ಚೂರುಗಳು ಕಣ್ಣಿಗೆ ಹಾರುವುದು ಒಂದು ಕಡೆಯಾದರೆ, ಲೇತ್‌ನ ಉದ್ದನೆಯ ತಳಭಾಗವಾದ ಬೆಡ್ ಮತ್ತು ಅದರ ಮೇಲೆ ಜಾರುವ ಸ್ಯಾಡಲ್‌ನ ನಡುವೆ ಹೊಕ್ಕ ಸಣ್ಣ ಪುಡಿಯು ಆ ಮೇಲ್ಮೈಗಳನ್ನು ತೇಯುತ್ತಾ ಹೋಗುತ್ತದೆ. ಬ್ರಷ್ ಬಳಸುವಾಗಲೂ ಸುರಕ್ಷತಾ ಕನ್ನಡಕ ಇರಲಿ.

ಚೂರು ತೆಗೆದ ಬೆಡ್ಡನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ತುಕ್ಕು ಹಿಡಿಯುವುದಿಲ್ಲ.

ಗ್ರೈಂಡರ್ ಲೇತ್‌ನಿಂದ ದೂರವಿರಬೇಕು. ಅದರ ಕಲ್ಲಿನ ಧೂಳು ಬೆಡ್‌ನ ಶತ್ರು. ಕಲ್ಲಿಗೂ, ಉಜ್ಜುವ ವಸ್ತುವನ್ನು ಊರಿ ಹಿಡಿಯುವ ಟೂಲ್ ರೆಸ್ಟ್‌ಗೂ ನಡುವಿನ ಅಂತರ ಸುಮಾರು 3 ಮಿಲಿಮೀಟರ್ ಮೀರದಂತೆ ಆಗಾಗ ಸರಿಪಡಿಸಬೇಕು, ಇಲ್ಲವಾದರೆ ಹಿಡಿದ ವಸ್ತು ಸಂದಿಗೆ ಸಿಕ್ಕಿ ಕಲ್ಲು ಒಡೆಯಬಹುದು. ಉಕ್ಕಿಗೆ ಬಳಸುವ ಕಲ್ಲಿನಲ್ಲಿ ಅಲ್ಯೂಮಿನಿಯಂ ಉಜ್ಜಬಾರದು: ಕಲ್ಲಿನ ರಂಧ್ರಗಳು ಮುಚ್ಚಿಹೋಗುತ್ತವೆ, ಮಾತ್ರವಲ್ಲ, ಅಲ್ಯೂಮಿನಿಯಂ ಪುಡಿಯೂ ತುಕ್ಕಿನ ಪುಡಿಯೂ ಒಂದೆಡೆ ಬೆರೆತರೆ ಕಿಡಿಯೊಂದರಿಂದ ಉಗ್ರವಾಗಿ ಹೊತ್ತಿಕೊಳ್ಳಬಹುದು.

ಎಣ್ಣೆಬಟ್ಟೆಗಳನ್ನು ಗುಡ್ಡೆಹಾಕದೆ ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಹಾಕಬೇಕು. ಅಗಸೆ ಎಣ್ಣೆಯಂತಹ ಒಣಗುವ ಎಣ್ಣೆ ಹೀರಿದ ಬಟ್ಟೆ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಬಿಸಿಯೇರುತ್ತದೆ. ಗುಡ್ಡೆಯಲ್ಲಿ ಆ ಬಿಸಿ ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಉರಿಯಬಲ್ಲದು. ನೆಲಕ್ಕೆ ಚೆಲ್ಲಿದ ಎಣ್ಣೆಯ ಮೇಲೆ ಮರದ ಹೊಟ್ಟು ಹರಡಿ, ಹೀರಿದ ಕೂಡಲೇ ಅದನ್ನೂ ಹೊರಗೆ ಸಾಗಿಸಬೇಕು.

ಅಗ್ನಿಶಾಮಕವನ್ನು ಬಾಗಿಲ ಪಕ್ಕದಲ್ಲೇ ತೂಗುಹಾಕಬೇಕು, ಬೆಂಕಿ ದಾಟಿ ಹೋಗಿ ತರುವಂತಿರಬಾರದು. ಮೆಗ್ನೀಸಿಯಂ ಕಡೆಯುವವರು ಒಣ ಮರಳನ್ನೂ ಹತ್ತಿರ ಇಟ್ಟುಕೊಳ್ಳಬೇಕು. ಆ ಲೋಹ ಉರಿಯುವಾಗ ನೀರು ಹಾಕಿದರೆ ಹೈಡ್ರೋಜನ್ ಹುಟ್ಟಿ ಬೆಂಕಿ ಇನ್ನಷ್ಟು ಭುಗಿಲೇಳುತ್ತದೆ.