ಹೀಟರ್ ಕೊಳ್ಳುವ ಮೊದಲು ಬಾಗಿಲಿನ ಸಂದು ಮುಚ್ಚಿ

ದೀಪಾವಳಿ ಮುಗಿದು ಮೂಡಗಾಳಿ ಬೀಸತೊಡಗಿದೊಡನೆ ಬೆಳಗಾವಿಯಲ್ಲಿ ರೂಮ್ ಹೀಟರ್ ಕೊಳ್ಳುವವರ ಅವಸರ ಶುರುವಾಗುತ್ತದೆ. ಅವರಲ್ಲಿ ಹೆಚ್ಚಿನವರು ಲೆಕ್ಕ ಹಾಕುವುದು ಹೆಸ್ಕಾಂ ಬಿಲ್ಲು ಕೈಗೆ ಬಂದ ಮೇಲೆಯೇ. 2000 ವಾಟ್‌ನ ಹೀಟರ್ ಗಂಟೆಗೆ 2 ಯೂನಿಟ್ ನುಂಗುತ್ತದೆ. ರಾತ್ರಿ 5 ಗಂಟೆ ಎಡೆಬಿಡದೆ ಉರಿದರೆ ತಿಂಗಳಿಗೆ 300 ಯೂನಿಟ್ ಆಯಿತು. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಯ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಚ್ಚುವರಿಗೆ ಮಾತ್ರವಲ್ಲ, ಇಡೀ ಬಿಲ್ಲಿಗೇ ಹಣ ಕಟ್ಟಬೇಕಾಗುತ್ತದೆ. ಇಷ್ಟೆಲ್ಲ ವೆಚ್ಚ ಮಾಡಿ ಕಾಯಿಸಿದ ಗಾಳಿ ಬಾಗಿಲಡಿಯ ಅರ್ಧ ಇಂಚಿನ ಸಂದಿನಿಂದ ಸದ್ದಿಲ್ಲದೆ ಹೊರಗೆ ಹೋಗುತ್ತಿರುವುದನ್ನು ಬಂಧುಗಳ ಮನೆಗಳಲ್ಲಿ ಮತ್ತೆ ಮತ್ತೆ ಕಂಡ ಮೇಲೆ ಈ ಲೇಖನ ಬರೆಯಬೇಕೆನಿಸಿತು.

ಮೊದಲು, ಬೆಚ್ಚಗಿಡಬೇಕಾದ ಕೋಣೆ ಒಂದೇ ಎಂದು ನಿರ್ಧರಿಸಿಕೊಳ್ಳಿ. ಇಡೀ ಮನೆಯನ್ನು ಕಾಯಿಸಲು ಹೊರಡುವುದು ವ್ಯರ್ಥ. ಸಂಜೆಯ ಬಿಸಿಲು ಬೀಳುವ ಪಡುವಣ ಗೋಡೆಯ ಸಣ್ಣ ಕೋಣೆ ಎಲ್ಲಕ್ಕಿಂತ ಉತ್ತಮ.

ಎರಡನೆಯದು ಬಿಸಿಲು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಚಳಿಗಾಲದ ಹಗಲು ಸಾಕಷ್ಟು ಬಿಸಿಯಾಗಿಯೇ ಇರುತ್ತದೆ, ರಾತ್ರಿಯಷ್ಟೇ ಕೊರೆಯುತ್ತದೆ. ಆದ್ದರಿಂದ ಬೆಳಿಗ್ಗೆ ಹತ್ತರ ಬಳಿಕ ಕಿಟಕಿ ತೆರೆದು, ಸಂಜೆ ನಾಲ್ಕೂವರೆಯೊಳಗೆ ಮುಚ್ಚಿ ದಪ್ಪ ಪರದೆ ಎಳೆಯಿರಿ. ಕತ್ತಲಾದ ಮೇಲೆ ಮುಚ್ಚಿದರೆ ಮುಚ್ಚಿದ್ದು ಚಳಿಯನ್ನೇ. ವಿಜಯಪುರ, ಬಾಗಲಕೋಟೆ ಕಡೆಯ ದಪ್ಪ ಕಲ್ಲುಗೋಡೆಯ ಮಾಳಿಗೆ ಮನೆಯವರಿಗೆ ಇಷ್ಟೇ ಸಾಕಾಗುವುದೂ ಉಂಟು, ಏಕೆಂದರೆ ಹಗಲು ಕುಡಿದ ಕಾವನ್ನು ಆ ಗೋಡೆಗಳು ರಾತ್ರಿಯಿಡೀ ನಿಧಾನವಾಗಿ ಬಿಟ್ಟುಕೊಡುತ್ತವೆ.

ಮೂರನೆಯದಾಗಿ, ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂಬುದನ್ನು ಪತ್ತೆಹಚ್ಚಬೇಕು. ಬೆಳಗಿನ ಜಾವ ಫ್ಯಾನ್ ನಿಲ್ಲಿಸಿ, ಉರಿಯುವ ಊದಿನಕಡ್ಡಿಯನ್ನು ಪರದೆಗೆ ತಾಗದಂತೆ ಕಿಟಕಿ, ಬಾಗಿಲುಗಳ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿ. ಹೊಗೆ ಓಲಾಡಿದಲ್ಲಿ ಸೀಸದಕಡ್ಡಿಯಿಂದ ಗುರುತು ಮಾಡಿ. ಮೂಡಣ ಮತ್ತು ಬಡಗಣ ದಿಕ್ಕಿನವನ್ನು ಮೊದಲು ನೋಡಿ. ಅಲ್ಯೂಮಿನಿಯಂ ಸರಿಯುವ ಕಿಟಕಿಗಳಲ್ಲಿ ಚೌಕಟ್ಟಿನ ಉಣ್ಣೆಯಂಥ ಪಟ್ಟಿ ಸವೆದಿದ್ದರೆ ಅದನ್ನಷ್ಟೇ ಬದಲಾಯಿಸಿದರೆ ಕೆಲಸ ಮುಗಿಯಿತು.

ನಾಲ್ಕನೆಯದು, ಹತ್ತರಲ್ಲಿ ಎಂಟು ಜನ ಕೆಡಿಸುವ ಕೆಲಸ: ಬಾಗಿಲ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸುವುದು. ಸ್ಪಂಜಿನ ಪಟ್ಟಿ ಅಗ್ಗವೆಂದು ತರಬೇಡಿ. ಅದು ಒಂದೇ ಚಳಿಗಾಲಕ್ಕೆ ಅಪ್ಪಚ್ಚಿಯಾಗಿ ಹಪ್ಪಳವಾಗುತ್ತದೆ. ಒಳಗೆ ಟೊಳ್ಳಿರುವ ರಬ್ಬರ್ ಪಟ್ಟಿಯನ್ನೇ ಕೇಳಿ ತನ್ನಿ. ಆದರೆ ಅಂಗಡಿಗೆ ಹೋಗುವ ಮೊದಲು ಸಂದಿನ ಅಳತೆ ಬೇಕು, ಅದನ್ನು ಕಣ್ಣಂದಾಜಿನಲ್ಲಿ ತೆಗೆಯಲಾಗದು. ಚಪಾತಿಗೆ ನಾದಿದ ಕಣಕದ ಸಣ್ಣ ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಾಗಿಲು ಬಂದು ಒರಗುವ ಚೌಕಟ್ಟಿನ ಅಂಚಿನಲ್ಲಿ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಇಟ್ಟು, ಬಾಗಿಲು ಮುಚ್ಚಿ ಚಿಲಕ ಹಾಕಿ ಮತ್ತೆ ತೆಗೆಯಿರಿ. ಚಪ್ಪಟೆಯಾದ ಕಣಕದ ದಪ್ಪವೇ ನಿಮ್ಮ ಸಂದಿನ ಅಳತೆ. ಮೂರು ಕಡೆಯೂ ಒಂದೇ ಅಳತೆ ಬರುವುದು ಅಪರೂಪ, ಏಕೆಂದರೆ ಮಳೆಗಾಲದಲ್ಲಿ ಉಬ್ಬಿ ಚಳಿಗಾಲದಲ್ಲಿ ಕುಗ್ಗುವ ಕಟ್ಟಿಗೆ ಬಾಗಿಲು ಸ್ವಲ್ಪವಾದರೂ ಸೊಟ್ಟಗಾಗಿರುತ್ತದೆ. ಸಂದು 4 ಮಿಲಿಮೀಟರ್ ಇದ್ದರೆ 5 ಅಥವಾ 6 ಮಿಲಿಮೀಟರ್ ದಪ್ಪದ ಪಟ್ಟಿ ಸಾಕು. ದಪ್ಪವಾದಷ್ಟೂ ಒಳ್ಳೆಯದೆಂದು 9 ಮಿಲಿಮೀಟರಿನದನ್ನು ತಂದು ಅಂಟಿಸಿದ ನೆರೆಮನೆಯವರು, ಚಿಲಕ ಬೀಳದೆ ದಿನವೂ ಹೆಗಲಿನಿಂದ ಬಾಗಿಲು ನೂಕಿ, ಸಂಕ್ರಾಂತಿಯ ಹೊತ್ತಿಗೆ ಬಿಜಾಗರಿಯ ಸ್ಕ್ರೂಗಳನ್ನೇ ಕಿತ್ತುಕೊಂಡರು.

ಅಂಟಿಸುವುದು ಮಧ್ಯಾಹ್ನವೇ ಆಗಬೇಕು; ತಣ್ಣಗಿರುವ ಕಟ್ಟಿಗೆಗೆ ಅಂಟು ಹಿಡಿಯದು. ಎಣ್ಣೆಬಣ್ಣದ ಮೇಲಿನ ಧೂಳು, ಜಿಡ್ಡನ್ನು ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಪಟ್ಟಿಯನ್ನು ಬಾಗಿಲಿನ ಅಂಚಿಗಲ್ಲ, ಬಾಗಿಲು ಒರಗುವ ಚೌಕಟ್ಟಿನ ಮುಖಕ್ಕೆ ಹಚ್ಚಬೇಕು, ಹಿಂದಿನ ಕಾಗದವನ್ನು ಒಮ್ಮೆಗೆ ಗೇಣುದ್ದದಷ್ಟೇ ಬಿಡಿಸುತ್ತ ಹೋಗಬೇಕು. ಎಳೆದು ಅಂಟಿಸಿದ ಪಟ್ಟಿ ಎರಡು ದಿನಗಳಲ್ಲಿ ತನ್ನ ಅಳತೆಗೆ ಮರಳಿ ಮೂಲೆಯಲ್ಲಿ ಬಾಯಿಬಿಡುತ್ತದೆ, ಆದ್ದರಿಂದ ಎಳೆಯದೆ ಸುಮ್ಮನೆ ಮಲಗಿಸಿ ಒತ್ತಿ. ಮೂಲೆಯಲ್ಲಿ ಮಡಚದೆ, ಕತ್ತರಿಸಿ ಹೊಸ ತುಂಡನ್ನು ಬಿಗಿಯಾಗಿ ಕೂಡಿಸಿ. ಕೊನೆಗೆ ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಕಾಗದದ ಚೂರಿಟ್ಟು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಪಟ್ಟಿ ತಾಗುತ್ತಿಲ್ಲವೆಂದು ತಿಳಿಯಿರಿ.

ಹೊಸ ಮನೆಗಳ ಒಳಕೋಣೆಗಳಿಗೆ ಹೊಸ್ತಿಲೇ ಇಲ್ಲದ ಕಾರಣ ಬಾಗಿಲಡಿಯ ಸಂದು ದೊಡ್ಡದು. ಅದಕ್ಕೆ ಅಂಗಡಿಯ ಸಾಧನಗಳಿಗಿಂತ ಹಳೆಯ ಇಳಕಲ್ಲ ಸೀರೆಯ ತುಂಡನ್ನು ಬಾಗಿಲಿನಗಲಕ್ಕೆ ಚೀಲದಂತೆ ಹೊಲಿದು, ಒಣ ಮರಳು ಮತ್ತು ಚಿಂದಿ ತುಂಬಿದ ದಿಂಡು ನನ್ನ ಆಯ್ಕೆ; ಏರುತಗ್ಗಿನ ಶಹಾಬಾದ್ ಕಲ್ಲಿನ ನೆಲಕ್ಕೆ ಅದರಷ್ಟು ಚೆನ್ನಾಗಿ ಹೊಂದುವುದು ಬೇರೊಂದಿಲ್ಲ. ಪತ್ರಾಸ್ (ತಗಡಿನ ಚಾವಣಿಯ) ಮನೆಯವರು ಮೇಲೆ ದಪ್ಪ ಬಟ್ಟೆಯ ಮೇಲ್ಕಟ್ಟು ಕಟ್ಟಬಹುದು, ಆದರೆ ಹೀಟರಿಗೂ ದೀಪಕ್ಕೂ ಅದನ್ನು ದೂರವಿಡಬೇಕು. ಥರ್ಮೋಕೋಲ್ ಬೇಗ ಹೊತ್ತಿಕೊಳ್ಳುವುದರಿಂದ ಅದನ್ನು ಬರಿದಾಗಿ ಬಳಸಬಾರದು.

ಸಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಸಿಗಡಿ ಇಟ್ಟುಕೊಂಡು ಮಲಗುವುದು ಪ್ರಾಣಕ್ಕೇ ಅಪಾಯ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ಮಂಪರು ಬರುವಷ್ಟರಲ್ಲಿ ಏಳುವ ಶಕ್ತಿ ಹೋಗಿರುತ್ತದೆ. ಇದೇ ಕಾರಣಕ್ಕೆ ಗ್ಯಾಸ್ ಗೀಸರ್ ಬಚ್ಚಲುಮನೆಯ ಹೊರಗಿರಬೇಕು ಮತ್ತು ಬಚ್ಚಲಿನ ಗವಾಕ್ಷಿಯನ್ನು ಎಂದಿಗೂ ಮುಚ್ಚಬಾರದು.

ಇಷ್ಟಾದ ಮೇಲೂ ಹೀಟರ್ ಬೇಕೆನಿಸಿದರೆ 1000 ವಾಟ್‌ನದು ಸಾಕು. ಮಲಗುವ ಮೊದಲು ಒಂದು ಗಂಟೆ ಉರಿಸಿ ಆರಿಸಿದರೆ ತಿಂಗಳಿಗೆ 30 ಯೂನಿಟ್, ಉಳಿದದ್ದನ್ನು ಕೌದಿ ನೋಡಿಕೊಳ್ಳುತ್ತದೆ. ಎಣ್ಣೆ ತುಂಬಿದ ಹೀಟರ್ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಶಾಖ ಕೊಡುತ್ತದೆಂಬ ಮಾತನ್ನು ನಂಬಬೇಡಿ, ವಾಟ್ ಒಂದೇ ಆದರೆ ಶಾಖವೂ ಒಂದೇ. ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧವಾಗುತ್ತದೆಂದು ಮಾರುವ ಪುಟ್ಟ ಪೆಟ್ಟಿಗೆಗಳಂತೂ ಮನೆಯ ಮೀಟರಿನ ಲೆಕ್ಕದಲ್ಲಿ ಏನನ್ನೂ ಉಳಿಸುವುದಿಲ್ಲ. 2000 ವಾಟ್‌ನ ಹೀಟರ್ ಈಗಾಗಲೇ ಮನೆಯಲ್ಲಿದ್ದರೆ ಅದು 8 ಆಂಪಿಯರಿಗಿಂತ ಹೆಚ್ಚು ಎಳೆಯುವುದರಿಂದ 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಹಾಕಿ. ಸಣ್ಣ ಸಾಕೆಟ್ ಕರಗಿ ಕರಕಲಾಗುತ್ತದೆ.

ಬೇಸಿಗೆಯಲ್ಲಿ ರಬ್ಬರ್ ಪಟ್ಟಿಯನ್ನು ಕೀಳಬೇಕಾಗಿಲ್ಲ, ಅದು ಧೂಳನ್ನೂ ತಡೆಯುತ್ತದೆ. ಮರಳಿನ ದಿಂಡನ್ನು ಮಾತ್ರ ಶಿವರಾತ್ರಿಯ ಬಳಿಕ ಬಿಚ್ಚಿ, ಮರಳನ್ನು ಬಿಸಿಲಿಗೆ ಹಾಕಿ, ಬಟ್ಟೆ ಒಗೆದು ಎತ್ತಿಡಬೇಕು. ಹಾಗೆಯೇ ಬಿಟ್ಟರೆ ಬೆಳಗಾವಿಯ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.